ಮೋಟಾರ್ ತೊಟ್ಟಿಲು ತೆಗೆದುಕೊಳ್ಳಬೇಕಾ? ಪೀಣ್ಯದ ಒಬ್ಬ ಮೇಂಟೆನೆನ್ಸ್ ಕೆಲಸದವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಎರಡೂವರೆ ಸ್ಟಾರ್. ಹಗಲಿಗೆ ನಾಲ್ಕು, ರಾತ್ರಿಗೆ ಒಂದು, ಸರಾಸರಿ ತೆಗೆದರೆ ಅಷ್ಟೇ ಬರುತ್ತದೆ. ಆನ್‌ಲೈನ್‌ನಲ್ಲಿ ಈ ತೊಟ್ಟಿಲ ಬಗ್ಗೆ ಬರೆಯುವವರು ಎರಡೇ ಥರ. ತಂದ ವಾರವೇ ಐದು ಸ್ಟಾರ್ ಒತ್ತಿ ‘ಸೂಪರ್, ಮಗು ತಕ್ಷಣ ಮಲಗಿತು’ ಅನ್ನುವವರು ಒಂದು ಕಡೆ. ಮೋಟಾರ್ ಕೆಟ್ಟ ದಿನ ಒಂದು ಸ್ಟಾರ್ ಒತ್ತಿ ಬೈಯುವವರು ಇನ್ನೊಂದು ಕಡೆ. ಈ ಎರಡು ದಿನಗಳ ನಡುವೆ ಮನೆಯಲ್ಲಿ ಏನಾಗುತ್ತದೆ ಅಂತ ಬರೆದವರು ನನಗೆ ಸಿಗಲಿಲ್ಲ. ನಮ್ಮ ಪುಟ್ಟಿಗೆ ಈಗ ಎರಡು ವರ್ಷ ದಾಟಿದೆ. ಮೋಟಾರ್ ಅಟ್ಟ ಸೇರಿದೆ. ಬರೆಯಲು ಇದು ಸರಿಯಾದ ಸಮಯ.

ಬ್ರ್ಯಾಂಡ್ ಹೆಸರು ಹಾಕುವುದಿಲ್ಲ. ನಾನು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪ್‌ನಲ್ಲಿ, ಅಂದರೆ ಲೋಹದ ತಗಡು ಒತ್ತಿ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ, ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ಮೋಟಾರ್, ಬೇರಿಂಗ್, ಸ್ಪ್ರಿಂಗ್ ಎಲ್ಲ ದಿನಾ ಕೈಗೆ ಹತ್ತುವ ಸಾಮಾನು. ನಮ್ಮ ಮನೆಯ ಮೋಟಾರನ್ನೂ ಬಿಚ್ಚಿದೆ, ಜೊತೆಗೆ ಕೆಲಸ ಮಾಡುವವರೊಬ್ಬರು ಬೇರೆ ಬ್ರ್ಯಾಂಡಿನದು ರಿಪೇರಿಗೆ ತಂದಾಗ ಅದನ್ನೂ ಬಿಚ್ಚಿದೆ. ಮೇಲಿನ ಸ್ಟಿಕ್ಕರ್ ಬೇರೆ, ಒಳಗೆ ಹೆಚ್ಚುಕಡಿಮೆ ಅದೇ. 12 ವೋಲ್ಟಿನ ಚಿಕ್ಕ ಡಿಸಿ ಮೋಟಾರ್, ಪ್ಲಾಸ್ಟಿಕ್ ಗೇರ್, ಮೇಲೆ ಕೆಳಗೆ ಎಳೆಯುವ ಒಂದು ಕ್ರ್ಯಾಂಕ್, ಟೈಮರ್ ಇರುವ ಸರ್ಕ್ಯೂಟ್ ಬೋರ್ಡ್. ಆದ್ದರಿಂದ ಯಾವುದನ್ನು ಕೊಂಡರೂ ಈ ರಿವ್ಯೂನ ಮುಕ್ಕಾಲು ಭಾಗ ನಿಮಗೂ ಅನ್ವಯಿಸುತ್ತದೆ.

ಕೊಂಡ ಕಾರಣ ಸರಳ. ಹೆಂಡತಿಯ 26 ವಾರದ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಅವಳದು ಯಶವಂತಪುರದಲ್ಲಿ ಅಕೌಂಟ್ಸ್ ಕೆಲಸ. ಹಗಲು ಮಗು ನೋಡಿಕೊಳ್ಳಲು ತಿಪಟೂರಿನಿಂದ ನಮ್ಮತ್ತೆ ಬಂದರು. ಅವರಿಗೆ ಮಂಡಿನೋವು. ಪುಟ್ಟಿಯೋ, ಎತ್ತಿಕೊಂಡು ಓಡಾಡಿದರೆ ಮಾತ್ರ ಮಲಗುವವಳು. ರಾತ್ರಿ ಗಂಟೆಗೊಮ್ಮೆ ಎದ್ದು ಅಳುತ್ತಿದ್ದಳು. ನಾನು ಸೆಕೆಂಡ್ ಶಿಫ್ಟ್ ಮುಗಿಸಿ ದಾಸರಹಳ್ಳಿಯ ಮನೆ ಸೇರುವ ಹೊತ್ತಿಗೆ ಮನೆಯಲ್ಲಿ ಮೂವರೂ ಎಚ್ಚರವಾಗಿರುತ್ತಿದ್ದರು. ಒಬ್ಬಳು ಅಳುತ್ತಾ, ಒಬ್ಬಳು ಸಿಡುಕುತ್ತಾ, ಇನ್ನೊಬ್ಬರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ.

ಅತ್ತೆಯ ಮೊದಲ ಸಲಹೆ, ಹಳೇ ಕಾಟನ್ ಸೀರೆಯಲ್ಲಿ ಜೋಲಿ ಕಟ್ಟುವುದು. ಅದಕ್ಕೆ ಮೋಲ್ಡ್‌ನಲ್ಲಿ ಕೊಕ್ಕೆ ಬೇಕು. ನಮ್ಮದು ಬಾಡಿಗೆ ಮನೆ. ಓನರ್ ಅಂಕಲ್ ಒಳ್ಳೆಯವರೇ, ಆದರೆ ಡ್ರಿಲ್ಲಿಂಗ್ ಮಷಿನ್ ಅಂದರೆ ಮಾತ್ರ ಮುಖ ಬದಲಾಗುತ್ತದೆ. ‘ಮೋಲ್ಡ್‌ಗೆ ಕೈ ಹಾಕಬೇಡಪ್ಪ, ಮಳೆ ಬಂದಾಗ ಸೋರಿದರೆ ನೀನು ಮೇಲೆ ಹತ್ತುತ್ತೀಯಾ?’ ಅಂದರು. ಹಾಗಾಗಿ ಸ್ಟೀಲ್ ಪೈಪ್ ಸ್ಟ್ಯಾಂಡ್, ಸ್ಪ್ರಿಂಗ್, ಬಟ್ಟೆಯ ಜೋಲಿ, ಮೋಟಾರ್ ಎಲ್ಲ ಸೇರಿದ ಸೆಟ್ ತಂದೆವು. ಐದು ಸಾವಿರದ ಮೇಲೆ ಸ್ವಲ್ಪ ಆಯಿತು. ಸ್ಟ್ಯಾಂಡ್ ಬೇಡ ಅಂದರೆ ಇದರ ಅರ್ಧಕ್ಕೇ ಮುಗಿಯುತ್ತದೆ.

ಜೋಡಿಸುವ ಭಾಗಕ್ಕೆ ಬರುತ್ತೇನೆ, ನನಗೆ ಜಾಸ್ತಿ ಹೇಳಬೇಕಿರುವುದು ಇಲ್ಲೇ. ಸ್ಟ್ಯಾಂಡಿನ ಕಾಲುಗಳಿಗೆ ರಬ್ಬರ್ ಬುಷ್ ಕೊಟ್ಟಿದ್ದರು, ಆದರೆ ಒಂದು ಕಾಲು ಗಿಡ್ಡ. ಟೈಲ್ಸ್ ನೆಲದ ಮೇಲೆ ಇಟ್ಟರೆ ಟಕ್ ಟಕ್ ಅಂತ ಕುಣಿಯುತ್ತಿತ್ತು. ಬುಷ್ ಒಳಗೆ ಒಂದು ವಾಷರ್ ಹಾಕಿದ ಮೇಲೆ ನಿಂತಿತು. ಸ್ಪ್ರಿಂಗ್ ಒಳಗೆ ಒಂದು ಸೇಫ್ಟಿ ಹಗ್ಗ ಇರಬೇಕು. ಸ್ಪ್ರಿಂಗ್ ಅಕಸ್ಮಾತ್ ಮುರಿದರೆ ಜೋಲಿ ನೆಲಕ್ಕೆ ಬೀಳದ ಹಾಗೆ ಹಿಡಿಯುವುದು ಅದೇ. ನಮ್ಮದರಲ್ಲಿ ಇತ್ತು, ಆದರೆ ತೆಳ್ಳಗಿನ ಪ್ಲಾಸ್ಟಿಕ್ ಹಗ್ಗ, ಬಟ್ಟೆ ಒಣಗಿಸಲು ಕಟ್ಟುತ್ತೇವಲ್ಲ, ಅಂಥದ್ದು. ತೆಗೆದುಹಾಕಿ ಫ್ಯಾಕ್ಟರಿಗೆ ಸಾಮಾನು ಕೊಡುವ ಅಂಗಡಿಯಿಂದ ನೈಲಾನ್ ಬೆಲ್ಟ್ ತಂದು ಕಟ್ಟಿದೆ. ಕೊಕ್ಕೆ ಬಾಯಿ ತೆರೆದಿತ್ತು, ಅದರ ಬದಲು ಸ್ಕ್ರೂ ಹಾಕಿ ಮುಚ್ಚುವ ಕೊಂಡಿ ಹಾಕಿದೆ. ಎಲ್ಲ ಸೇರಿ ಇನ್ನೂರು ರೂಪಾಯಿಯೊಳಗಿನ ಖರ್ಚು. ಕಂಪನಿಯವರೇ ಇದನ್ನು ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಡಬ್ಬದ ಮೇಲೆ 20 ಕೆಜಿ ಅಂತ ಬರೆದಿತ್ತು. ಬರೆದದ್ದನ್ನು ನಂಬುವ ಅಭ್ಯಾಸ ನಮ್ಮ ಕೆಲಸದಲ್ಲಿ ಇಲ್ಲ. ಅಕ್ಕಿ ಮೂಟೆಯನ್ನು ಜೋಲಿಯಲ್ಲಿ ಹಾಕಿ ರಾತ್ರಿಯಿಡೀ ತೂಗಲು ಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ‘ಅಳಿಯಂದ್ರೆ, ಅಕ್ಕಿಗೆ ಜೋಗುಳ ನಾನು ಹಾಡ್ಲಾ, ನೀವು ಹಾಡ್ತೀರಾ?’ ಅಂತ ಕೇಳಿದರು. ಬೆಳಿಗ್ಗೆ ಸ್ಪ್ರಿಂಗಿನ ಉದ್ದ ಅಳೆದೆ, ಹಿಗ್ಗಿರಲಿಲ್ಲ. ಪಾಸ್.

ಹಗಲಿನ ಕೆಲಸದಲ್ಲಿ ಮೋಟಾರ್‌ಗೆ ನಾನು ಮನಸಾರೆ ಮಾರ್ಕ್ಸ್ ಕೊಡುತ್ತೇನೆ. ಊಟ ಆಯಿತು, ಕಣ್ಣು ಉಜ್ಜಿಕೊಳ್ಳಲು ಶುರು ಮಾಡಿದಳು, ಜೋಲಿಗೆ ಹಾಕಿದರು, ಗುಂಡಿ ಒತ್ತಿದರು. ಅತ್ತೆ ಪಕ್ಕದಲ್ಲೇ ಚೇರ್ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದರು. ಮಂಡಿ ಉಳಿಯಿತು. ತೂಗಿದರೆ ಮಕ್ಕಳು ಮಲಗುವುದಕ್ಕೆ ಕಾರಣವೂ ಇದೆ. ಜಪಾನಿನ ರಿಕೆನ್ ಸಂಸ್ಥೆಯವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಣ್ಣದು, 21 ಮಕ್ಕಳದ್ದು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದರೆ ಅಳು ನಿಲ್ಲುತ್ತದೆ, ಸುಮಾರು ಅರ್ಧದಷ್ಟು ಮಕ್ಕಳು ನಿದ್ದೆಗೂ ಜಾರುತ್ತಾರೆ. ಮಗುವಿನ ಎದೆಬಡಿತವೂ ನಿಧಾನವಾಗುತ್ತದೆ. ಅದೇ ಅಧ್ಯಯನದಲ್ಲಿ ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು ವಿಷಯ. ಮಲಗಿದ ಮಗುವನ್ನು ಕೆಳಗೆ ಹಾಕುವಾಗ ಎಚ್ಚರವಾಗುತ್ತದಲ್ಲ, ಅದು ಹಾಸಿಗೆ ತಾಗಿದ್ದರಿಂದ ಆಗುವುದಲ್ಲವಂತೆ. ಅಮ್ಮನ ಮೈಯಿಂದ ಬೇರೆಯಾಗಲು ಶುರುವಾದ ಕ್ಷಣದಲ್ಲೇ ಎದೆಬಡಿತ ಬದಲಾಗುತ್ತದೆ. ಮಲಗಿದ ಮೇಲೆ ಇನ್ನೂ ಐದರಿಂದ ಎಂಟು ನಿಮಿಷ ಸುಮ್ನೆ ಕೂತು ಎತ್ತಿಕೊಂಡಿದ್ದು ಆಮೇಲೆ ಹಾಸಿಗೆಗೆ ಹಾಕಿದರೆ ಏಳುವುದು ಕಡಿಮೆ. ಇದು ದುಡ್ಡಿಲ್ಲದ ಉಪಾಯ. ಮೋಟಾರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಈಗ ರಾತ್ರಿಯ ವಿಷಯ.

ಟೈಮರ್‌ನಲ್ಲಿ 15, 30, 60 ನಿಮಿಷ ಇದ್ದವು. 30ಕ್ಕೆ ಇಟ್ಟರೆ ಮೋಟಾರ್ ನಿಂತ ಸ್ವಲ್ಪ ಹೊತ್ತಿಗೆ ಪುಟ್ಟಿ ಎದ್ದಳು. 60ಕ್ಕೆ ಇಟ್ಟರೆ ಅದು ಮುಗಿದ ಮೇಲೆ ಎದ್ದಳು. ನಾವು ಟೈಮರ್‌ಗೆ ಬೈದೆವು. ಸ್ಪೀಡ್ ಜಾಸ್ತಿ ಮಾಡಿದೆವು, ಕಡಿಮೆ ಮಾಡಿದೆವು. ಅಳು ಕೇಳಿದರೆ ತಾನೇ ತೂಗಲು ಶುರು ಮಾಡುವ ಸೆನ್ಸರ್ ಇದೆ ಅಂತ ಡಬ್ಬದ ಮೇಲೆ ದೊಡ್ಡದಾಗಿ ಹಾಕಿದ್ದರು. ಅದು ಪುಟ್ಟಿಯ ಅಳುವಿಗೆ ಎಷ್ಟು ಸಲ ಓಡಿತೋ, ಬೀದಿ ನಾಯಿ ಬೊಗಳಿದ್ದಕ್ಕೆ, ಬೆಳಿಗ್ಗೆ ಕುಕ್ಕರ್ ಕೂಗಿದ್ದಕ್ಕೆ ಅದಕ್ಕಿಂತ ಜಾಸ್ತಿ ಓಡಿತು. ಒಂದು ಸಲ ಕಸದ ಆಟೋದ ಹಾಡಿಗೆ ಖಾಲಿ ಜೋಲಿ ತಾನೇ ತಾನಾಗಿ ಕುಣಿಯಿತು. ಆ ಸೆನ್ಸರ್‌ಗೆ ದುಡ್ಡು ಕೊಡಬೇಡಿ.

ಸಮಸ್ಯೆ ಟೈಮರ್‌ನದಲ್ಲ ಅಂತ ಗೊತ್ತಾಗಿದ್ದು ಲಸಿಕೆಗೆ ಹೋದಾಗ. ನಮ್ಮ ಮಕ್ಕಳ ಡಾಕ್ಟರು ಮಾತು ಕಡಿಮೆ, ಚೀಟಿಯ ಹಿಂಬದಿ ಚಿತ್ರ ಬರೆದು ತೋರಿಸುವ ಅಭ್ಯಾಸ ಜಾಸ್ತಿ. ಏರಿಳಿಯುವ ಒಂದು ಗೆರೆ ಎಳೆದರು. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ, ಎಳೆ ಮಕ್ಕಳದು 50ರಿಂದ 60 ನಿಮಿಷ. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆ ಎಚ್ಚರಕ್ಕೆ ಬರುತ್ತೇವೆ. ನಾವು ಮಗ್ಗುಲು ಬದಲಾಯಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಮಗು ಆ ಅರೆ ಎಚ್ಚರದಲ್ಲಿ ಸುತ್ತ ನೋಡುತ್ತದೆ. ಕಣ್ಣು ಮುಚ್ಚುವಾಗ ಏನಿತ್ತೋ ಅದೇ ಇದ್ದರೆ ಮತ್ತೆ ಮಲಗುತ್ತದೆ. ಕಣ್ಣು ಮುಚ್ಚುವಾಗ ತೂಗುತ್ತಿತ್ತು, ಈಗ ತೂಗುತ್ತಿಲ್ಲ ಅಂದರೆ ಅಳುತ್ತದೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ನಿದ್ದೆಯ ಕಟ್ಟೇ ಬದಲಾಗುತ್ತದೆ. ಅಲ್ಲಿವರೆಗೆ ಚೆನ್ನಾಗಿ ಮಲಗುತ್ತಿದ್ದ ಮಕ್ಕಳೂ ನಾಲ್ಕನೇ ತಿಂಗಳಿಗೆ ಕಾಟ ಕೊಡಲು ಶುರು ಮಾಡುವುದು ಅದಕ್ಕೇ ಅಂದರು. ‘ಗಂಟೆಗೊಮ್ಮೆ ಏಳುವುದು ಕಾಯಿಲೆಯಲ್ಲ. ಎದ್ದಾಗಲೆಲ್ಲ ಹೊರಗಿನ ಸಹಾಯ ಬೇಕು ಅನ್ನುವುದಷ್ಟೇ ನಿಮ್ಮ ಕಷ್ಟ’ ಅಂದರು.

ಮನೆಗೆ ಬರುವಾಗ ದಾರಿಯಲ್ಲೇ ನನಗೆ ಲೆಕ್ಕ ಕೂಡಿತು. ಈ ಮೋಟಾರ್ ಗಾಡಿಯ ಸೆಲ್ಫ್ ಸ್ಟಾರ್ಟ್ ಇದ್ದ ಹಾಗೆ. ಗಾಡಿ ಸ್ಟಾರ್ಟ್ ಮಾಡಲು ಅದು ಬೇಕು, ಆದರೆ ಸೆಲ್ಫ್ ಒತ್ತಿಕೊಂಡೇ ತುಮಕೂರಿಗೆ ಹೋಗಲು ಆಗುವುದಿಲ್ಲ.

ಹಾಗಾದರೆ ರಾತ್ರಿಯಿಡೀ ನಿಲ್ಲಿಸದೆ ಓಡಿಸಿದರೆ? ಕೆಲವರು ಹಾಗೇ ಮಾಡುತ್ತಾರೆ, ಟೈಮರ್ ಇಲ್ಲದ ಮಾಡೆಲ್ ಕೂಡ ಸಿಗುತ್ತದೆ. ಮೂರು ತೊಂದರೆ ಹೇಳುತ್ತೇನೆ. ಮೊದಲನೆಯದು ಕರೆಂಟ್. ನಮ್ಮ ಏರಿಯಾದಲ್ಲಿ ಬೇಸಿಗೆಯಲ್ಲಿ, ಮಳೆ ಬಂದಾಗ ರಾತ್ರಿ ಕರೆಂಟ್ ಹೋಗುವುದು ಹೊಸದಲ್ಲ. ಯುಪಿಎಸ್ ಇದೆ, ಆದರೆ ಅದರ ಲೈನ್ ಹಾಲ್‌ನ ಲೈಟು ಫ್ಯಾನಿಗೆ ಮಾತ್ರ. ಕರೆಂಟ್ ಹೋದ ಕ್ಷಣವೇ ಜೋಲಿ ನಿಲ್ಲುತ್ತದೆ, ಜೊತೆಗೆ ಮಲಗುವ ರೂಮಿನ ಫ್ಯಾನೂ ನಿಲ್ಲುತ್ತದೆ. ಆಮೇಲೆ ಮನೆಯಲ್ಲಿ ಯಾರೂ ಮಲಗುವಂತಿಲ್ಲ. ಎರಡನೆಯದು ಬಿಸಿ. ಒಂದೆರಡು ಗಂಟೆ ಓಡಿದ ಮೇಲೆ ಡಬ್ಬ ಮುಟ್ಟಿದರೆ ಚುರುಕ್ ಅನ್ನುತ್ತಿತ್ತು. ಗಾಳಿಗೆ ಕಿಂಡಿ ಇಲ್ಲದ ಪ್ಲಾಸ್ಟಿಕ್ ಡಬ್ಬ, ಮಗುವಿನ ತಲೆಯ ಮೇಲೆ. ನನ್ನ ಕೈಕೆಳಗಿನ ಹುಡುಗ ಫ್ಯಾಕ್ಟರಿಯಲ್ಲಿ ಹೀಗೆ ಓಡಿಸಿದ್ದರೆ ನಾನೇ ಬೈಯುತ್ತಿದ್ದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಶಬ್ದದ ವಿಷಯ ಮುಗಿಸುತ್ತೇನೆ.

ನಮ್ಮ ಫ್ಯಾಕ್ಟರಿಯ ಸೇಫ್ಟಿ ವಿಭಾಗದಲ್ಲಿ ಡೆಸಿಬಲ್ ಅಳೆಯುವ ಮೀಟರ್ ಇದೆ. ಭಾನುವಾರಕ್ಕೆ ಕೇಳಿ ತಂದೆ. ಮೋಟಾರ್ ಹೊಸದಿದ್ದಾಗ ಜೋಲಿಯೊಳಗೆ ಮಗುವಿನ ಕಿವಿ ಇರುವ ಜಾಗದಲ್ಲಿ 50ರ ಒಳಗೇ ಇತ್ತು. ಪರವಾಗಿಲ್ಲ. ಕೆಲವು ತಿಂಗಳ ಮೇಲೆ ಗೇರಿನ ಗ್ರೀಸ್ ಒಣಗಿ ಗೊರಗೊರ ಶುರುವಾದಾಗ 60ರ ಹತ್ತಿರ ಬಂತು. ಗ್ರೀಸ್ ಹಚ್ಚಿದೆ, ಇಳಿಯಿತು. ಆದರೆ ಅದರಲ್ಲಿದ್ದ ‘ಮ್ಯೂಸಿಕ್’ ಗುಂಡಿ ಒತ್ತಿದಾಗ ಮೀಟರ್ 70 ದಾಟಿತು. ವಾಲ್ಯೂಮ್ ಕಡಿಮೆ ಮಾಡುವ ಗುಂಡಿಯೇ ಇಲ್ಲ. ಸ್ಪೀಕರಿನ ಎರಡು ವೈರ್ ಕತ್ತರಿಸಿ ಟೇಪ್ ಸುತ್ತಿದೆ. ಆ ಸೆಟ್‌ಗೆ ನಾನು ಮಾಡಿದ ಅತ್ಯುತ್ತಮ ಸುಧಾರಣೆ ಅದು.

ಇದರ ಜೊತೆಗೇ ‘ವೈಟ್ ನಾಯ್ಸ್’ ಮಷಿನ್ ಬಗ್ಗೆಯೂ ಒಂದು ಮಾತು, ಬಹಳ ಜನ ಕೇಳುತ್ತಾರೆ. ಮಳೆ ಸದ್ದು, ಫ್ಯಾನ್ ಸದ್ದಿನ ಥರ ಒಂದೇ ಸಮನೆ ಬರುವ ಶಬ್ದ ಹಾಕಿ ಹೊರಗಿನ ಗದ್ದಲ ಮುಚ್ಚುವುದು. ಉಪಯೋಗ ಇಲ್ಲದೇ ಇಲ್ಲ. 2014ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಂಥ 14 ಮಷಿನ್‌ಗಳನ್ನು ಅಳೆದ ವರದಿ ಬಂದಿತ್ತು. ಪೂರ್ತಿ ವಾಲ್ಯೂಮ್ ಇಟ್ಟಾಗ ಮೂರು ಮಷಿನ್‌ಗಳ ಶಬ್ದ 85 ಡೆಸಿಬಲ್ ದಾಟಿತ್ತು. ನಮ್ಮ ಫ್ಯಾಕ್ಟರಿಗಳಲ್ಲಿ ದೊಡ್ಡವರಿಗೆ ಎಂಟು ಗಂಟೆಯ ಮಿತಿಯೇ 90. ಹಾಕುವುದಾದರೆ ಮಗುವಿನಿಂದ ಎರಡು ಮೀಟರ್ ದೂರ, 50 ಡೆಸಿಬಲ್ ಒಳಗೆ. ನಮ್ಮ ಮನೆಯಲ್ಲಿ ಆ ಕೆಲಸ ಹಳೇ ಟೇಬಲ್ ಫ್ಯಾನ್ ಮಾಡುತ್ತಿತ್ತು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮೀರಬಾರದು ಅಂತ 2000ನೇ ಇಸವಿಯ ನಿಯಮವೇ ಇದೆ. ಅದೇ ಮೀಟರನ್ನು ರಾತ್ರಿ ಹನ್ನೊಂದಕ್ಕೆ ನಮ್ಮ ಕಿಟಕಿಯಲ್ಲಿ ಹಿಡಿದೆ. ತುಮಕೂರು ರಸ್ತೆಯ ಲಾರಿಗಳ ಕೃಪೆಯಿಂದ ಮುಳ್ಳು 50ರ ಕೆಳಗೆ ಇಳಿಯಲೇ ಇಲ್ಲ. ಈ ಊರಲ್ಲಿ ಮಗು ಮಲಗಿಸುವವರಿಗೆ ಬೇರೆ ಮಷಿನ್ ಯಾಕೆ ಅಲ್ವಾ?

ಈಗ ಮೂರನೆಯ ತೊಂದರೆ. ಮೋಟಾರ್ ತೊಟ್ಟಿಲಿನಲ್ಲಿ ಎಷ್ಟೇ ಒಳ್ಳೆ ಸ್ಪ್ರಿಂಗ್ ಹಾಕಿ, ಬಟ್ಟೆಯ ಜೋಲಿ ಚಪ್ಪಟೆ ಇರುವುದಿಲ್ಲ. ಮಗುವಿನ ಬೆನ್ನು ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ಎಳೆ ಮಗುವಿನ ಕತ್ತಿಗೆ ತಲೆ ಎತ್ತಿಕೊಳ್ಳುವ ಶಕ್ತಿ ಸಾಲದು. ಹಾಗೆ ಬಾಗಿದಾಗ ಉಸಿರಿನ ದಾರಿ ಕಿರಿದಾಗಬಹುದು, ಅದೂ ಸದ್ದಿಲ್ಲದೆ. ಮಗ್ಗುಲು ಹೊರಳಲು ಕಲಿತ ಮಗು ಬಟ್ಟೆಗೆ ಮುಖ ಒತ್ತಿಕೊಳ್ಳುವ ಭಯ ಬೇರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಮತ್ತೊಮ್ಮೆ ಹೊರಡಿಸಿದ ಸಲಹೆಯಲ್ಲಿ ಇರುವುದು ಇಷ್ಟು: ಒಂದು ವರ್ಷದವರೆಗೆ ಅಂಗಾತ ಮಲಗಿಸಿ, ಗಟ್ಟಿ ಮತ್ತು ಚಪ್ಪಟೆ ಹಾಸಿಗೆ ಇರಲಿ, ದಿಂಬು, ರಗ್ಗು, ಮೆತ್ತನೆ ಬೊಂಬೆ ಬೇಡ, ಮೊದಲ ಆರು ತಿಂಗಳಾದರೂ ಅಪ್ಪ ಅಮ್ಮನ ಕೋಣೆಯಲ್ಲೇ ಇರಲಿ, ಆದರೆ ಬೇರೆ ಹಾಸಿಗೆಯಲ್ಲಿ. 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಮಲಗುವ ಸಾಮಾನುಗಳನ್ನು ಅಲ್ಲಿ 2022ರ ಕಾನೂನಿನಲ್ಲಿ ನಿಷೇಧವೇ ಮಾಡಿದರು. ಅದಕ್ಕೂ ಮೊದಲು, 2019ರಲ್ಲಿ, ಅಂಥ ಒಂದು ದೊಡ್ಡ ಬ್ರ್ಯಾಂಡಿನ 47 ಲಕ್ಷ ತೊಟ್ಟಿಲುಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿದ್ದರು. ಮಕ್ಕಳು ಸತ್ತಿದ್ದವು.

ಇದನ್ನು ಮನೆಯಲ್ಲಿ ಹೇಳುವುದು ಸುಲಭ ಇರಲಿಲ್ಲ. ಅತ್ತೆಯ ಮಕ್ಕಳೆಲ್ಲ ಜೋಲಿಯಲ್ಲೇ ಬೆಳೆದವರು, ಅವರಲ್ಲಿ ಒಬ್ಬಳು ನನ್ನ ಹೆಂಡತಿ, ಗಟ್ಟಿಮುಟ್ಟಾಗಿಯೇ ಇದ್ದಾಳೆ. ಡಾಕ್ಟರು ಜಾಣತನದಿಂದ ಹೇಳಿದರು: ‘ಅಜ್ಜಿ, ನೀವು ಪಕ್ಕದಲ್ಲಿ ಕೂತು ತೂಗಿದಿರಿ. ನಿಮ್ಮ ಕಣ್ಣು ಮಗುವಿನ ಮೇಲಿತ್ತು. ಮೋಟಾರ್‌ಗೆ ಕಣ್ಣಿಲ್ಲ.’ ಅತ್ತೆ ತಲೆಯಾಡಿಸಿದರು. ಅವತ್ತಿನಿಂದ ನಮ್ಮ ಮನೆಯ ಕಾನೂನು ಒಂದೇ: ಹಗಲು, ಯಾರಾದರೂ ಪಕ್ಕದಲ್ಲಿ ಎಚ್ಚರವಾಗಿದ್ದಾಗ ಮಾತ್ರ ಜೋಲಿ. ಕಣ್ಣು ಮುಚ್ಚಿದ ಮೇಲೆ ಎತ್ತಿ ಹಾಸಿಗೆಗೆ. ರಾತ್ರಿ ಮೋಟಾರ್‌ನ ಪ್ಲಗ್ ತೆಗೆದುಬಿಡುವುದು. ಹೆಂಡತಿಯ ಚಿಕ್ಕಮ್ಮ ತಲೆ ದುಂಡಗೆ ಬರಲಿ ಅಂತ ಕಳಿಸಿದ್ದ ಸಾಸಿವೆ ದಿಂಬೂ ಅವತ್ತೇ ಬೀರು ಸೇರಿತು. ಫೋನಿನಲ್ಲಿ ಕೇಳಿದಾಗಲೆಲ್ಲ ‘ಇದೆ ಚಿಕ್ಕಮ್ಮ, ಜೋಪಾನವಾಗಿದೆ’ ಅನ್ನುತ್ತೇವೆ. ಸುಳ್ಳಲ್ಲ.

ಮೋಟಾರ್ ಬಿಟ್ಟ ಮೇಲೆ ರಾತ್ರಿ ಹೇಗೆ ಸಾಗಿತು ಅನ್ನುವುದನ್ನೂ ಹೇಳದಿದ್ದರೆ ರಿವ್ಯೂ ಅರ್ಧ. ಡಾಕ್ಟರು ಒಂದು ಕ್ರಮ ಕೊಟ್ಟರು. ದಿನಾ ಒಂದೇ ಹೊತ್ತಿಗೆ ಬೆಚ್ಚಗಿನ ನೀರಿನ ಸ್ನಾನ, ಮೈ ಕೈ ತಿಕ್ಕುವುದು, ಹಾಲು, ಮಂದ ಬೆಳಕಿನಲ್ಲಿ ಜೋಗುಳ, ಆಮೇಲೆ ದೀಪ ಆರಿಸುವುದು. ಎಲ್ಲ ಅರ್ಧ ಗಂಟೆಯೊಳಗೆ. 2009ರಲ್ಲಿ 405 ತಾಯಂದಿರು ಮತ್ತು ಅವರ ಮಕ್ಕಳ ಮೇಲೆ ಇಂಥದೇ ಒಂದು ಕ್ರಮವನ್ನು ಪರೀಕ್ಷಿಸಿದ್ದರು. ಆ ಮಕ್ಕಳು ಏಳು ತಿಂಗಳಿಂದ ಮೂರು ವರ್ಷದವರೆಗಿನವರು. ಕ್ರಮ ಪಾಲಿಸಿದ ಮನೆಗಳಲ್ಲಿ ಮಕ್ಕಳು ಬೇಗ ಮಲಗಿದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಸ್ಸೂ ಹಗುರಾಯಿತು. ಇದರಲ್ಲಿ ಅತ್ತೆಗೆ ಹೊಸದೇನೂ ಇರಲಿಲ್ಲ. ‘ಎಣ್ಣೆ ಹಚ್ಚಿ ನೀರು ಹಾಕಿ ಮಲಗಿಸಿ ಅಂತ ನಾನು ಬಂದ ದಿನದಿಂದ ಹೇಳ್ತಾ ಇದೀನಿ, ಇದಕ್ಕೆ ಫೀಸು ಬೇರೆ ಕೊಟ್ರಾ?’ ಅಂದರು. ಆದರೆ ಸ್ನಾನದ ಮೇಲಿನ ಸಾಂಬ್ರಾಣಿ ಹೊಗೆಗೆ ಡಾಕ್ಟರು ಬೇಡ ಅಂದರು. ಎಳೆ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲ. ಅದೊಂದು ವಿಷಯಕ್ಕೆ ಅತ್ತೆ ಒಂದು ವಾರ ಮುನಿಸಿಕೊಂಡಿದ್ದರು.

ಕಷ್ಟದ ಭಾಗ ಎಂದರೆ, ಪೂರ್ತಿ ಮಲಗುವ ಮೊದಲೇ, ಕಣ್ಣು ಎಳೆಯುತ್ತಿರುವಾಗಲೇ ಹಾಸಿಗೆಗೆ ಹಾಕುವುದು. ಆಗ ಮಧ್ಯರಾತ್ರಿ ಕಣ್ಣು ಬಿಟ್ಟರೂ ಕಾಣುವುದು ಅದೇ ಹಾಸಿಗೆ, ಅದೇ ಗೋಡೆ. ಅಳುತ್ತಾ ಬಿಡಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯ ಇರಲಿಲ್ಲ, ಮಹಡಿ ಮೇಲಿನ ಓನರ್ ಅಂಕಲ್‌ಗಂತೂ ಇರಲೇ ಇಲ್ಲ. ಪಕ್ಕದಲ್ಲಿ ಕೂತು ಎದೆಯ ಮೇಲೆ ಕೈ ಇಟ್ಟು ತಟ್ಟುವುದು, ಜೋರಾದರೆ ಎತ್ತಿಕೊಳ್ಳುವುದು, ಸಮಾಧಾನವಾದರೆ ಮತ್ತೆ ಕೆಳಗೆ. ಬೆನ್ನು ನೋಯುತ್ತದೆ. ಮೋಟಾರ್‌ನ ನೆನಪು ಬರುತ್ತದೆ, ಬಹಳ ಬರುತ್ತದೆ. ಆದರೆ ನಿಧಾನಕ್ಕೆ ಫಲ ಸಿಕ್ಕಿತು. ಹಾಲಿಗೆ ಏಳುವುದು ಉಳಿಯಿತು, ಸುಮ್ನೆ ಏಳುವುದು ನಿಂತಿತು. ಬೀದಿ ದೀಪದ ಬೆಳಕು ನೇರ ಒಳಗೆ ಬೀಳುತ್ತಿದ್ದದ್ದಕ್ಕೆ ಚಿಕ್ಕಪೇಟೆಯಿಂದ ದಪ್ಪ ಬಟ್ಟೆಯ ಕರ್ಟನ್ ತಂದೆವು. ಮೋಟಾರ್‌ಗಿಂತ ಅದಕ್ಕೆ ನಾನು ಜಾಸ್ತಿ ಸ್ಟಾರ್ ಕೊಡುತ್ತೇನೆ.

ನಂತರ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಒಂಬತ್ತನೇ ತಿಂಗಳ ಹೊತ್ತಿಗೆ ಅಮ್ಮ ಕಣ್ಣಿಗೆ ಕಾಣದಿದ್ದರೆ ಕಿರುಚುವ ಹಂತ ಬಂತು, ಎಲ್ಲ ಮತ್ತೆ ಮೊದಲಿಂದ. ಆ ಹೊತ್ತಿಗೆ ಅವಳು ಏನಾದರೂ ಹಿಡಿದು ಎದ್ದು ನಿಲ್ಲಲು ಕಲಿತಿದ್ದಳು. ಜೋಲಿಯಲ್ಲಿ ಎದ್ದು ಕೂರಲು ನೋಡಿದ ದಿನವೇ ಸ್ಟ್ಯಾಂಡ್ ಬಿಚ್ಚಿಟ್ಟೆ. ಇದನ್ನು ಕೊಳ್ಳುವವರು ಗಮನಿಸಬೇಕು: ಡಬ್ಬದ ಮೇಲೆ 20 ಕೆಜಿ ಅಂತ ಇದ್ದರೂ ಇದರ ನಿಜವಾದ ಆಯಸ್ಸು ಮಗು ಎದ್ದು ಕೂರುವವರೆಗೆ ಮಾತ್ರ. ಆರನೇ ತಿಂಗಳಿಗೆ ತಂದ ನಮಗೆ ಸಿಕ್ಕಿದ್ದು ಕೆಲವೇ ತಿಂಗಳು.

ಒಂದೂವರೆ ವರ್ಷದ ಕಾಟ ಬೇರೆಯೇ ಥರ. ಹಗಲಿನ ಎರಡು ನಿದ್ದೆ ಒಂದಾಗುವ ಕಾಲ ಅದು. ಸಂಜೆ ಐದಕ್ಕೆ ಮಲಗಿದರೆ ರಾತ್ರಿ ಹನ್ನೊಂದಾದರೂ ಕುಣಿತ. ನಾನು ಶಿಫ್ಟ್ ಮುಗಿಸಿ ಬಂದರೆ ‘ಅಪ್ಪಾ’ ಅಂತ ಚಪ್ಪಾಳೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ನಾಲ್ಕರಿಂದ ಹನ್ನೆರಡು ತಿಂಗಳವರಿಗೆ 12ರಿಂದ 16. ಆ ಲೆಕ್ಕ ಹಿಡಿದು ಮಧ್ಯಾಹ್ನದ ನಿದ್ದೆಯನ್ನು ಮೂರೂವರೆಯೊಳಗೆ ಮುಗಿಸಿದೆವು. ನಾನು ಬರುವಾಗ ಗೇಟಿನ ಸದ್ದು ಆಗದ ಹಾಗೆ ಕೀಲಿಗೆ ಎಣ್ಣೆ ಬಿಟ್ಟೆ. ಸಾಕಾಯಿತು.

ಆ ದಿನಗಳಲ್ಲೇ ಒಂದು ಮೆಡಿಕಲ್ ಶಾಪ್‌ನಲ್ಲಿ ಥರ್ಮಾಮೀಟರ್ ಕೊಳ್ಳಲು ಹೋದಾಗ, ಮಗು ಮಲಗುವುದಿಲ್ಲ ಅಂದಿದ್ದಕ್ಕೆ ಕೌಂಟರಿನವನು ಒಂದು ಶೀತದ ಸಿರಪ್ ತೆಗೆದಿಟ್ಟ. ‘ಅರ್ಧ ಚಮಚ ಹಾಕಿ ಸರ್, ಗಾಢ ನಿದ್ದೆ.’ ಬಾಟಲಿ ತಿರುಗಿಸಿ ನೋಡಿದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಅನ್ನುವ ಎರಡು ಶೀತದ ಔಷಧಗಳು ಇದ್ದವು. ಈ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮೇಲೇ ಬರೆಯಬೇಕು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದ್ದಾರೆ. ನಿದ್ದೆಗಾಗಿ ಸಿರಪ್ ಅನ್ನುವ ಮಾತು ಯಾರು ಹೇಳಿದರೂ ಆ ಅಂಗಡಿಯಿಂದ ಇಳಿದು ಬನ್ನಿ. ಮಗು ದಿನಾ ಗೊರಕೆ ಹೊಡೆಯುತ್ತಿದ್ದರೆ, ಬಾಯಲ್ಲಿ ಉಸಿರಾಡುತ್ತಿದ್ದರೆ, ನಿದ್ದೆಯಲ್ಲಿ ಉಸಿರು ತಡೆದ ಹಾಗೆ ಕಂಡರೆ, ತೂಕ ಏರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ತೊಟ್ಟಿಲೂ ಮದ್ದಲ್ಲ, ಕರ್ಟನ್ನೂ ಮದ್ದಲ್ಲ.

ಇಷ್ಟು ಓದಿದ ಮೇಲೂ ಮೋಟಾರ್ ಬೇಕು ಅನ್ನುವವರು ಇರುತ್ತೀರಿ. ತಪ್ಪೇನಿಲ್ಲ. ಹಗಲು ವಯಸ್ಸಾದ ಅಜ್ಜಿ ಒಬ್ಬರೇ ಮಗು ನೋಡಿಕೊಳ್ಳುವ ಮನೆಯಲ್ಲಿ, ಸಿಸೇರಿಯನ್ ಆಗಿ ಎತ್ತಿ ತೂಗಲು ಆಗದ ಬಾಣಂತಿ ಇರುವ ಮನೆಯಲ್ಲಿ, ಅದು ನಿಜಕ್ಕೂ ಕೈ ಆಗುತ್ತದೆ. ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ. ಪ್ರತಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೂ ಒಂದಾದರೂ ಮಾರಾಟಕ್ಕೆ ಇರುತ್ತದೆ, ಕೆಲವೇ ತಿಂಗಳು ಓಡಿದ್ದು. ಅರ್ಧ ಬೆಲೆಗಿಂತ ಜಾಸ್ತಿ ಕೊಡಬೇಡಿ. ಆದರೆ ಸ್ಪ್ರಿಂಗ್, ಸೇಫ್ಟಿ ಹಗ್ಗ, ಕೊಂಡಿ ಈ ಮೂರು ಹೊಸದೇ ಹಾಕಿ. ಹಳೇ ಸ್ಪ್ರಿಂಗಿನ ಸುತ್ತುಗಳ ನಡುವೆ ತುಕ್ಕು ಕಂಡರೆ, ಭಾರ ಇಲ್ಲದಾಗಲೂ ಸುತ್ತುಗಳು ಬಿಟ್ಟುಕೊಂಡಿದ್ದರೆ ಅದು ಗುಜರಿಗೆ. ಮೋಟಾರ್ ಓಡಿಸಿ ಕಿವಿ ಹತ್ತಿರ ಇಟ್ಟು ಕೇಳಿ. ಒಂದೇ ಸಮನೆ ಗುಂಯ್ ಅಂದರೆ ಸರಿ. ಮಧ್ಯೆ ಮಧ್ಯೆ ಟಕ್ ಅಂದರೆ ಗೇರಿನ ಹಲ್ಲು ಹೋಗಿದೆ, ಆ ಪ್ಲಾಸ್ಟಿಕ್ ಗೇರ್ ಬಿಡಿಯಾಗಿ ಸಿಗುವುದಿಲ್ಲ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡ್ ಪೂರ್ತಿ ನಾನು ಕೇಳಿ ಬಂದಿದ್ದೇನೆ. ಅಡಾಪ್ಟರ್ ಹೋಗಿದ್ದರೆ ಚಿಂತೆ ಬೇಡ, 12 ವೋಲ್ಟಿನದು ಅಲ್ಲೇ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆಂಪಿಯರ್ ಮಾತ್ರ ಹಳೆಯದರಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ.

ನಮ್ಮದನ್ನು ಮಾರುವುದಿಲ್ಲ. ನಾದಿನಿಗೆ ಈಗ ಏಳನೇ ತಿಂಗಳು, ಅವಳಿಗೆ ಅಂತ ಅತ್ತೆ ಆಗಲೇ ಬುಕ್ ಮಾಡಿದ್ದಾರೆ. ಗ್ರೀಸ್ ಹಚ್ಚಿ, ಹೊಸ ಸ್ಪ್ರಿಂಗ್ ಹಾಕಿ ಕೊಡುತ್ತೇನೆ. ಸ್ಪೀಕರ್ ವೈರ್ ಮಾತ್ರ ಮತ್ತೆ ಜೋಡಿಸುವುದಿಲ್ಲ.